ಅಪ್ಪ ಒಂದೇ ಸಲ ಒತ್ತಿದರು

“ತಮ್ಮಾ, ಕಂಪ್ಯೂಟರಿನವರೇ ಬರದು ತೋರಸಾಕತ್ಯಾರಲ್ಲೋ, ಇದು ಹಳೇದಾಗೈತಿ ಅಂತ. ಇನ್ನ ಬಂದ್ ಮಾಡಿ ಮ್ಯಾಲೊಂದು ಅರಿವಿ ಹೊಚ್ಚಿ ಇಟ್ಟುಬಿಡ್ಲೇನು?”

2025ರ ಅಕ್ಟೋಬರಿನಲ್ಲಿ ಅಪ್ಪ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಒಂದು ಮೀಟಿಂಗಿನಿಂದ ಇನ್ನೊಂದು ಮೀಟಿಂಗಿಗೆ ಓಡುತ್ತಿದ್ದೆ. ವಿಂಡೋಸ್ 10ಕ್ಕೆ ಅಕ್ಟೋಬರ್ 14ರಿಂದ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುತ್ತದೆ ಅನ್ನೋ ಸೂಚನೆ ಅವರ ಪರದೆ ಮೇಲೆ ಬಂದಿತ್ತು. ಅಪ್ಪ ಅದನ್ನು ಕೋರ್ಟಿನ ನೋಟಿಸಿನಂತೆ ಓದಿಕೊಂಡಿದ್ದರು.

“ಹೌದ್ರಿ ಅಪ್ಪಾ, ಹಳೇದಾಗೈತಿ. ದೀಪಾವಳಿಗೆ ಬಂದಾಗ ಹೊಸಾ ಲ್ಯಾಪ್‌ಟಾಪ್ ತರ್ತೀನಿ ಬಿಡ್ರಿ” ಅಂದೆ.

“ಹೊಸಾದು ಬ್ಯಾಡೋ. ನನ್ನ ಕೈಗೆ ಇನ್ನ ಅದೂ ಹೊಂದೂದಿಲ್ಲ” ಅಂದು ಫೋನ್ ಇಟ್ಟರು.

ಆ ‘ಅದೂ’ ಅನ್ನೋ ಮಾತು ನನ್ನ ಕಿವಿಗೆ ಬಿದ್ದಿತ್ತು. ಆದರೆ ಅದರ ಅರ್ಥ ತಿಳಿಯೋಕೆ ಊರಿಗೆ ಹೋಗಿ ಎರಡು ದಿನ ಇರಬೇಕಾಯಿತು.

ನಮ್ಮೂರು ವಿಜಯಪುರ ಜಿಲ್ಲೆಯ ಜೈನಾಪುರ. ಅಪ್ಪ ಪ್ರಾಥಮಿಕ ಶಾಲೆಯ ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ನಮ್ಮ ಮನೆಯ ಪಡಸಾಲೆಯಲ್ಲಿರುವ ಆಲ್-ಇನ್-ಒನ್ ಕಂಪ್ಯೂಟರನ್ನು 2014ರಲ್ಲಿ, ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ, ಅಪ್ಪನೇ ಕೊಡಿಸಿದ್ದು. ಸಿಪಿಯು ಡಬ್ಬಿ ಬೇರೆ ಇಲ್ಲ, ಪರದೆಯ ಬೆನ್ನಲ್ಲೇ ಎಲ್ಲಾ ಸಾಮಾನು. ಆಗ ಓಣಿಯವರೆಲ್ಲ ಬಂದು “ಇದರ ಡಬ್ಬಿ ಎಲ್ಲೈತ್ರಿ ಮಾಸ್ತರ?” ಅಂತ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ನಾನು ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದ ಮೇಲೆ ಅದು ಅಪ್ಪನ ಪಾಲಾಯಿತು.

ಅಪ್ಪನಿಗೆ ಅದರಲ್ಲಿ ಇದ್ದದ್ದು ಒಂದೇ ಕೆಲಸ: ಒಡಪು ಸಂಗ್ರಹ. ನಮ್ಮ ಕಡೆ ಮದುವೆಯಲ್ಲಿ ಹೊಸ ಮದುಮಗಳು ಹೊಸ್ತಿಲು ದಾಟಬೇಕಾದರೆ ಗಂಡನ ಹೆಸರು ಹೇಳಬೇಕು. ನೇರವಾಗಿ ಹೇಳುವ ಹಾಗಿಲ್ಲ, ಪ್ರಾಸ ಕಟ್ಟಿ ಅದರೊಳಗೆ ಹೆಸರು ಕೂಡಿಸಿ ಹೇಳಬೇಕು. ಅದೇ ಒಡಪು. ಈಗಿನ ಹುಡುಗಿಯರು ಮೊಬೈಲ್ ನೋಡಿಕೊಂಡು ಒಂದು ಹೇಳಿ ಮುಗಿಸುತ್ತಾರೆ. ಹಳೆಯ ಮುದುಕಿಯರ ಬಾಯಲ್ಲಾದರೆ ಒಬ್ಬೊಬ್ಬರ ಹತ್ತಿರ ಹತ್ತಿಪ್ಪತ್ತು ಇರುತ್ತವೆ. ಅಪ್ಪ ಊರಲ್ಲಿ, ಬಬಲೇಶ್ವರ, ತಿಕೋಟಾ ಕಡೆಯ ಬೀಗರ ಮನೆಗಳಲ್ಲಿ, ದ್ರಾಕ್ಷಿ ತೋಟದ ಆಳುಗಳ ನಡುವೆ ಕೂತು, ಅವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ನುಡಿಯಲ್ಲಿ ಟೈಪ್ ಮಾಡುತ್ತಿದ್ದರು. ಕನ್ನಡ ಗಣಕ ಪರಿಷತ್ತಿನ ಈ ನುಡಿ ತಂತ್ರಾಂಶವನ್ನು ಅವರು ಸರ್ವಿಸಿನಲ್ಲಿದ್ದಾಗಲೇ ಕಲಿತಿದ್ದರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅವರ ಬೆರಳಿಗೆ ಎಷ್ಟು ಪಳಗಿತ್ತೆಂದರೆ, ಒತ್ತಕ್ಷರಕ್ಕೂ ಕೆಳಗೆ ನೋಡುತ್ತಿರಲಿಲ್ಲ.

ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ಬಂದು, ವಿಜಯಪುರದಲ್ಲಿ ಇಳಿದು, ಊರು ಮುಟ್ಟಿದ ದಿನ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತೆ. ಸುಮ್ಮನೆ ಒಂದು ಕುತೂಹಲಕ್ಕೆ ಫೋನಿನ ಸ್ಟಾಪ್‌ವಾಚ್ ಒತ್ತಿ ಪವರ್ ಬಟನ್ ಒತ್ತಿದೆ. ವರ್ಡ್ ತೆರೆದು ಒಂದು ಅಕ್ಷರ ಮೂಡುವ ಹೊತ್ತಿಗೆ 7 ನಿಮಿಷ 40 ಸೆಕೆಂಡ್. ಅಷ್ಟರಲ್ಲಿ ಅವ್ವ ಚಹಾ ಮಾಡಿ, ಸೋಸಿ, ತಂದುಕೊಟ್ಟು, ಖಾಲಿ ಕಪ್ಪನ್ನೂ ಒಯ್ದಿದ್ದಳು.

ಆಮೇಲೆ ಅಪ್ಪನನ್ನು ಕೂರಿಸಿ, “ನೀವ ಮಾಡ್ರಿ, ನಾ ನೋಡ್ತೀನಿ” ಅಂದೆ. ಅವರು ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರು. ಏನೂ ಆಗಲಿಲ್ಲ. ತಡೆದು ಮತ್ತೆ ಮಾಡಿದರು. ಏನೂ ಇಲ್ಲ. ಕನ್ನಡಕ ಏರಿಸಿ, ಮೌಸನ್ನು ಗಟ್ಟಿ ಹಿಡಿದು, ಇನ್ನೊಂದು ಸಲ. ಪರದೆ ಬೆಳ್ಳಗಾಯಿತು. ಎರಡು ನಿಮಿಷ ಕಳೆದ ಮೇಲೆ ಒಂದರ ಹಿಂದೊಂದು ಕಿಟಕಿ ತೆರೆಯುತ್ತಾ ಬಂದವು. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಅಂತಾರಲ್ಲ, ಹಾಗೆ.

“ನೋಡು, ಮತ್ತ ಎರಡೆರಡು ಸಲ ಒತ್ತಿಬಿಟ್ಟೆ” ಅಂತ ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗ ಪಾಟಿ ಹಿಂದಕ್ಕೆ ಎಳೆದುಕೊಳ್ಳುವ ಹಾಗೆ.

ನನಗೆ ಮೈಯೆಲ್ಲ ಒಂಥರಾ ಆಯಿತು. ಯಾಕಂದರೆ ಆ ಮಾತು ಅವರದಲ್ಲ, ನನ್ನದು. ಕಳೆದ ಒಂದು ವರ್ಷದಲ್ಲಿ ಅವರು ಫೋನ್ ಮಾಡಿದಾಗಲೆಲ್ಲ ನಾನೇ ಹೇಳಿದ್ದೆ, “ಅಪ್ಪಾ, ಎರಡೆರಡು ಸಲ ಒತ್ತಬ್ಯಾಡ್ರಿ, ಸ್ವಲ್ಪ ತಡೀರಿ.”

ನಾನು ಮಾಡೋ ಕೆಲಸ ಏನು ಗೊತ್ತಾ? ಒಂದು ಆ್ಯಪಿನ ಪುಟಗಳು ಬೇಗ ತೆರೆಯುವಂತೆ ಮಾಡೋದು. ನಮ್ಮ ಟೀಮು ಒಂದು ಪುಟವನ್ನು ಮೂರು ಸೆಕೆಂಡಿನಿಂದ ಒಂದು ಸೆಕೆಂಡಿಗೆ ಇಳಿಸೋಕೆ ಎರಡು ತಿಂಗಳು ಕೂತಿತ್ತು. ಜೇಕಬ್ ನೀಲ್ಸನ್ 1993ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದ ಲೆಕ್ಕ ನಮ್ಮ ಲೈನಿನಲ್ಲಿ ಎಲ್ಲರಿಗೂ ಬಾಯಿಪಾಠ. ಉತ್ತರ 0.1 ಸೆಕೆಂಡಿನಲ್ಲಿ ಬಂದರೆ ‘ತಕ್ಷಣ ಆಯ್ತು’ ಅನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಎಳೆ ಹರಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನುಷ್ಯನ ಗಮನ ಬೇರೆ ಕಡೆ ಹೋಗುತ್ತದೆ. ಊರ ಮಂದಿಗೆಲ್ಲ ಸೆಕೆಂಡು ಉಳಿಸುವ ನಾನು, ಅಪ್ಪನಿಗೆ ಮಾತ್ರ ಎರಡು ನಿಮಿಷ ತಡೀರಿ ಅಂತ ಬುದ್ಧಿ ಹೇಳುತ್ತಿದ್ದೆ.

ಲ್ಯಾಪ್‌ಟಾಪ್ ಖರೀದಿ ಬಿಟ್ಟು, ಮೊದಲು ರೋಗ ಏನು ಅಂತ ನೋಡೋಣ ಅಂದುಕೊಂಡೆ. ಪ್ರೊಸೆಸರ್ ಹಳೆಯದಾದರೂ ಟೈಪಿಂಗಿಗೆ, ಯೂಟ್ಯೂಬಿಗೆ ಸಾಕಷ್ಟಿತ್ತು. ರ‍್ಯಾಮ್ 4 ಜಿಬಿ, ಸ್ವಲ್ಪ ಕಡಿಮೆ. ಆದರೆ ಟಾಸ್ಕ್ ಮ್ಯಾನೇಜರ್ ತೆರೆದಾಗ ಕಂಡದ್ದು: ಪ್ರೊಸೆಸರ್ ಹತ್ತು ಶೇಕಡಾ ಕೂಡ ಕೆಲಸ ಮಾಡುತ್ತಿಲ್ಲ, ಡಿಸ್ಕ್ ಮಾತ್ರ 100 ಶೇಕಡಾ. ಇಡೀ ಮನೆ ಒಬ್ಬನಿಗಾಗಿ ಕಾಯುತ್ತಾ ಕೂತ ಹಾಗೆ.

ಒಳಗಿದ್ದದ್ದು ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಕೇಳೋಕೆ ವೇಗ ಅನಿಸುತ್ತದೆ. ಆದರೆ ಅದು ಸೆಕೆಂಡಿಗೆ ತೊಂಬತ್ತೇ ಸುತ್ತು. ಒಂದು ಚೂರು ಮಾಹಿತಿ ಬೇಕೆಂದರೆ ಓದುವ ಮುಳ್ಳು ಸರಿದು ಜಾಗಕ್ಕೆ ಹೋಗಬೇಕು, ಆಮೇಲೆ ತಟ್ಟೆ ತಿರುಗಿ ಆ ಚೂರು ಮುಳ್ಳಿನ ಕೆಳಗೆ ಬರಬೇಕು. ಎರಡೂ ಸೇರಿ ಹದಿನೇಳು ಹದಿನೆಂಟು ಮಿಲಿಸೆಕೆಂಡ್. ಅಂದರೆ ಅಲ್ಲಲ್ಲಿ ಚದುರಿದ ಚೂರುಗಳನ್ನು ಸೆಕೆಂಡಿಗೆ ಅರವತ್ತರ ಆಸುಪಾಸು ಮಾತ್ರ ಓದಬಲ್ಲದು. ವಿಂಡೋಸ್ ಶುರುವಾಗೋಕೆ ಇಂಥ ಸಾವಿರಾರು ಚೂರು ಬೇಕು. ಕಿರಾಣಿ ಅಂಗಡಿಯವನು ಚೀಟಿಯಲ್ಲಿರುವ ಒಂದೊಂದು ಸಾಮಾನಿಗೂ ಹಿಂದಿನ ಗೋದಾಮಿಗೆ ನಡೆದು ಹೋಗಿ ಬಂದರೆ ಹೇಗಿರುತ್ತೆ, ಹಾಗೆ.

ಈ ತಿರುಗುವ ತಟ್ಟೆಯ ವಂಶ ಹಳೆಯದು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ನಮ್ಮ ಪೆನ್ ಡ್ರೈವ್, ಮೊಬೈಲಿನಲ್ಲಿ ಇರುವಂಥದ್ದೇ ಫ್ಲ್ಯಾಶ್ ಚಿಪ್ಪುಗಳು. 1980ರ ದಶಕದಲ್ಲಿ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಕಂಡುಹಿಡಿದದ್ದು. ನಡೆದಾಟವೇ ಇಲ್ಲದ್ದರಿಂದ ಒಂದು ಚೂರು ತೆಗೆಯೋಕೆ 0.1 ಮಿಲಿಸೆಕೆಂಡಿನಷ್ಟು ಸಾಕು. ಸಾಮಾನೆಲ್ಲ ಅಂಗಡಿಯವನ ಕೈಯಳತೆಯಲ್ಲೇ ಇದ್ದ ಹಾಗೆ.

ಮರುದಿನ ವಿಜಯಪುರಕ್ಕೆ ಹೋಗಿ 500 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್, ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಎರಡು ಕೇಬಲ್ ತಂದೆ. ಎಲ್ಲಾ ಸೇರಿ ಐದು ಸಾವಿರದೊಳಗೆ ಮುಗಿಯಿತು. ಅಂಗಡಿಯವರು 480 ಜಿಬಿಯದು ಕಡಿಮೆಗೆ ಕೊಡ್ತೀನಿ ಅಂದರು. ಹಳೆಯ ಡಿಸ್ಕು 500 ಜಿಬಿ ಇದ್ದದ್ದರಿಂದ ಬೇಡ ಅಂದೆ. ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಬೇಕಾದರೆ ಹೊಸದು ಹಳೆಯದಕ್ಕಿಂತ ಚಿಕ್ಕದಿರಬಾರದು.

ನಕಲೇ ಯಾಕೆ, ಹೊಸದಾಗಿ ವಿಂಡೋಸ್ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಅಪ್ಪನ ಫೈಲುಗಳು ನುಡಿಯ ಹಳೆಯ ಫಾಂಟಿನಲ್ಲಿದ್ದವು, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಚಿತ್ರಾನ್ನ ಕಾಣುತ್ತದೆ. ಫಾಂಟು, ಕೀಲಿಮಣೆ, ಡೆಸ್ಕ್‌ಟಾಪಿನಲ್ಲಿ ಅಪ್ಪ ಇಟ್ಟ ಜಾಗದಲ್ಲೇ ಫೈಲು, ಎಲ್ಲಾ ಹಾಗೇ ಇರಲಿ ಅಂತ ನಕಲಿಗೆ ಕೈ ಹಾಕಿದೆ.

ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕಂಪ್ಯೂಟರನ್ನು ಬೋರಲು ಮಲಗಿಸಿದೆ. ವೈರೆಲ್ಲ ತೆಗೆದು, ಪವರ್ ಬಟನ್ ಒತ್ತಿ ಹಿಡಿದು ಉಳಿದ ಕರೆಂಟು ಇಳಿಸಿದೆ. ಸ್ಟ್ಯಾಂಡಿನ ಸ್ಕ್ರೂ ಬಿಚ್ಚಿ, ಸುತ್ತಲಿನ ಕೊಂಡಿಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಒಂದೊಂದಾಗಿ ಮೀಟಿದೆ. ಬೆನ್ನು ಕಳಚಿ ಬಂದಾಗ ಒಳಗೆ ಫ್ಯಾನೇ ಕಾಣದಷ್ಟು ಧೂಳು.

“ಇಷ್ಟ ಕಸಾ ಮೂಗಿನ್ಯಾಗ ತುರುಕಿಕೊಂಡು ಹೆಂಗ ಉಸಿರಾಡಬೇಕೋ ಅದು?” ಅಂದಳು ಅವ್ವ. ಬಣ್ಣ ಹಚ್ಚುವ ಬ್ರಷ್ಷಿನಿಂದ ಅದನ್ನೆಲ್ಲ ಅವಳೇ ಝಾಡಿಸಿದಳು.

ಡಿಸ್ಕನ್ನು ತೆಗೆದು, ಅದನ್ನೂ ಹೊಸ ಎಸ್‌ಎಸ್‌ಡಿಯನ್ನೂ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನಕಲು ಶುರು ಮಾಡಿದೆ. ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಮೊದಲು ಅಪ್ಪನ ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ‘ನಕಲು ತಾನೇ, ಏನಾಗುತ್ತೆ’ ಅನ್ನೋ ಸೊಕ್ಕು.

ರಾತ್ರಿ ಹತ್ತರ ಸುಮಾರಿಗೆ, 61 ಶೇಕಡಾದಲ್ಲಿ ನಕಲು ನಿಂತಿತು. ‘ಓದಲಾಗುತ್ತಿಲ್ಲ’ ಅನ್ನೋ ಸಂದೇಶ. ಡಿಸ್ಕಿನೊಳಗಿಂದ ಟಕ್… ಟಕ್… ಅಂತ ಸದ್ದು.

“ಹಾಂ, ಇದ! ಇದ ಸಪ್ಪಳ ನಾ ಹೇಳಿದ್ದು” ಅಂದರು ಅಪ್ಪ. ನನಗೆ ಆಗ ನೆನಪಾಯಿತು. ಯುಗಾದಿಯ ಹೊತ್ತಿಗೇ ಅವರು ಫೋನಿನಲ್ಲಿ “ಒಳಗ ಏನೋ ಟಕಟಕ ಅಂತೈತಿ” ಅಂದಿದ್ದರು. “ಹಳೇದಲ್ರಿ, ಹಂಗ ಅಂತೈತಿ” ಅಂದಿದ್ದೆ ನಾನು.

ಡಿಸ್ಕಿನ ಆರೋಗ್ಯ ತೋರಿಸುವ ಒಂದು ಉಚಿತ ಪ್ರೋಗ್ರಾಂ ಹಾಕಿ ನೋಡಿದೆ. ಹಳದಿ ಎಚ್ಚರಿಕೆ. ತಟ್ಟೆಯ ಮೇಲೆ ಅಲ್ಲಲ್ಲಿ ಜಾಗ ಕೆಟ್ಟಿತ್ತು. ಕೆಟ್ಟ ಜಾಗ ಬಂದಾಗ ಡಿಸ್ಕು ಸುಮ್ಮನೆ ಬಿಡುವುದಿಲ್ಲ, ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತದೆ, ಅಷ್ಟು ಹೊತ್ತೂ ಇಡೀ ಕಂಪ್ಯೂಟರ್ ಕಾಯುತ್ತದೆ. ಅಂದರೆ ಈ ನಿಧಾನ ಬರೀ ಮುಪ್ಪಿನದಲ್ಲ, ಕಾಯಿಲೆಯದು. ಅಪ್ಪ ಲಕ್ಷಣಗಳನ್ನೆಲ್ಲ ಸರಿಯಾಗಿ ಹೇಳಿದ್ದರು. ಡಾಕ್ಟರೇ ಕೇಳಿಸಿಕೊಂಡಿರಲಿಲ್ಲ.

ಡಿಸ್ಕನ್ನು ಸ್ವಲ್ಪ ಹೊತ್ತು ಬಂದ್ ಮಾಡಿ ತಣ್ಣಗಾಗಲು ಬಿಟ್ಟು, ಪೆನ್ ಡ್ರೈವಿನಿಂದ ಲಿನಕ್ಸ್ ಶುರು ಮಾಡಿ ಡಿಡಿರೆಸ್ಕ್ಯೂ ಅನ್ನೋ ಉಚಿತ ಪ್ರೋಗ್ರಾಂ ಓಡಿಸಿದೆ. ಇದರ ಜಾಣತನ ಇಷ್ಟೇ: ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ಕೂರುವುದಿಲ್ಲ. ಅದನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಆಮೇಲೆ ಬಿಟ್ಟದ್ದಕ್ಕೆ ತಿರುಗಿ ಬರುತ್ತದೆ. ನಡುವೆ ಕರೆಂಟು ಹೋದರೂ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ.

ಕರೆಂಟು ಹೋಯಿತು ಕೂಡ, ಒಂದೂವರೆಗೆ. ಇನ್ವರ್ಟರ್ ಹಿಡಿದುಕೊಂಡಿತು. ನಾನು ಪಡಸಾಲೆಯಲ್ಲೇ ಕೌದಿ ಹಾಸಿ ಬಿದ್ದುಕೊಂಡೆ, ನಿದ್ದೆ ಬರಲಿಲ್ಲ. ಮೂರಕ್ಕೆ ಅಪ್ಪ ಎದ್ದು ಬಂದರು. “ಎಷ್ಟ ಆತು?” ಅಂದರು. “ಎಂಬತ್ತು” ಅಂದೆ. “ಇರಲಿ ಬಿಡು, ಹೋದ್ರ ಹೋಗ್ಲಿ. ನೀ ಮಲಕೋ” ಅಂದರು. ಅವರು ಬಿಡು ಅಂದಷ್ಟೂ ನನಗೆ ಎದೆ ಭಾರವಾಗುತ್ತಿತ್ತು.

ಬೆಳಿಗ್ಗೆ ಏಳಕ್ಕೆ ಮುಗಿದಾಗ ಇಡೀ ಡಿಸ್ಕಿನಲ್ಲಿ ಓದಲಾಗದೆ ಉಳಿದದ್ದು ಕೆಲವೇ ನೂರು ಕೆಬಿ. ಎಸ್‌ಎಸ್‌ಡಿಯನ್ನು ಕಂಪ್ಯೂಟರಿನಲ್ಲಿ ಕೂರಿಸಿ, ಬೆನ್ನು ಮುಚ್ಚುವ ಮೊದಲೇ ಹಚ್ಚಿ ನೋಡಿದೆ. ಮೊದಲ ಸಲ ಡಿಸ್ಕ್ ಪರಿಶೀಲನೆ ಮಾಡಿಕೊಂಡಿತು. ಎರಡನೇ ಸಲ ಸ್ಟಾಪ್‌ವಾಚ್ ಹಿಡಿದೆ. ವರ್ಡಿನಲ್ಲಿ ಮೊದಲ ಅಕ್ಷರ ಮೂಡಲು 38 ಸೆಕೆಂಡ್.

ಅಪ್ಪನ ನಲವತ್ತಕ್ಕೂ ಹೆಚ್ಚು ಫೈಲುಗಳಲ್ಲಿ ಒಂದು ತೆರೆಯಲಿಲ್ಲ. ನಮ್ಮದೇ ಓಣಿಯ ಒಬ್ಬ ಆಯಿಯಿಂದ ಬರೆದುಕೊಂಡ ಒಡಪುಗಳವು. ಆ ಆಯಿ ಹೋದ ವರ್ಷ ತೀರಿಕೊಂಡಿದ್ದಳು. ಇನ್ನೊಮ್ಮೆ ಹೋಗಿ ಕೇಳುವ ಹಾಗಿಲ್ಲ. ಹೇಗೆ ಹೇಳೋದು ಅಂತ ತಿಳಿಯದೆ ತಲೆ ತಗ್ಗಿಸಿ ಹೇಳಿದೆ.

ಅಪ್ಪ ಒಳಗೆ ಹೋಗಿ ಟ್ರಂಕ್ ತೆಗೆದು ಒಂದು ನೋಟ್‌ಬುಕ್ ತಂದರು. ಪುಟ ತಿರುವಿ ನನ್ನ ಮುಂದೆ ಹಿಡಿದರು. ನೀಲಿ ಪೆನ್ನಿನಲ್ಲಿ, ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ, ಆ ಆಯಿಯ ಎಲ್ಲಾ ಒಡಪುಗಳು, ಹೇಳಿದ ತಾರೀಖಿನ ಸಮೇತ.

“ನಿಮ್ಮ ಬ್ಯಾಕಪ್ ನನ್ನದಕಿಂತ ಛಲೋ ಐತ್ರಿ” ಅಂದೆ. ಅಪ್ಪ ನಕ್ಕರು.

ಆದರೆ ಪುಟ ತಿರುವುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಟೈಪ್ ಆದ ಪುಟಕ್ಕೆ ಅಪ್ಪ ಮೂಲೆಯಲ್ಲಿ ಕೆಂಪು ಗುರುತು ಹಾಕುತ್ತಿದ್ದರು. ಆ ಗುರುತು ನೋಟ್‌ಬುಕ್ಕಿನ ನಡುವಿನಲ್ಲೇ ನಿಂತಿತ್ತು. ಮುಂದಿನ ಅರವತ್ತು ಎಪ್ಪತ್ತು ಪುಟ ಬರೆದಿದ್ದಾರೆ, ಟೈಪ್ ಮಾಡಿಲ್ಲ. ಯಾಕೆ ಅಂತ ಕೇಳಲಿಲ್ಲ. “ಬರ್ರಿ, ಒಂದು ಫೈಲ್ ತಗೀರಿ” ಅಂದೆ.

ಅಪ್ಪ ಕುರ್ಚಿಯಲ್ಲಿ ಕೂತರು. ಒಮ್ಮೆ ಕ್ಲಿಕ್ ಮಾಡಿ, ಮತ್ತೆ ತಪ್ಪು ಮಾಡಬಾರದು ಅಂತ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕಾಯಲು ಸಜ್ಜಾದರು. ಅವರು ಕೈ ಇಡುವ ಮೊದಲೇ ಫೈಲು ತೆರೆದಿತ್ತು.

ಮುಚ್ಚಿದರು. ಇನ್ನೊಂದು ತೆರೆದರು. ಅದೂ ತೆರೆಯಿತು. ಒಂದೇ ಕಿಟಕಿ. ಮೂರನೆಯದನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು, ಪರದೆ ನೋಡುತ್ತಲೇ ಕೇಳಿದರು:

“ಅಂದ್ರ ತಪ್ಪು ನಂದಲ್ಲ?”

“ಅಲ್ರಿ ಅಪ್ಪಾ.”

“ವಯಸ್ಸಾತು, ಕೈ ನಡಗಿ ಎರಡೆರಡು ಸಲ ಒತ್ತಾಕತ್ತೀನಿ ಅಂತ ತಿಳಕೊಂಡಿದ್ದೆ. ಅದಕ್ಕ ಬಿಟ್ಟುಬಿಟ್ಟಿದ್ದೆ.”

ಅವ್ವ ಬಾಗಿಲಲ್ಲಿ ನಿಂತವಳು ಏನೂ ಅನ್ನದೆ ಒಳಗೆ ಹೋದಳು. ನಾನು ಬೆನ್ನು ಮುಚ್ಚುವ ಸ್ಕ್ರೂ ಹುಡುಕುವ ನೆಪ ಮಾಡಿದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಳೆಯ ಕಂಪ್ಯೂಟರ್ ಇದ್ದರೆ ನನ್ನ ತಪ್ಪಿನಿಂದ ಕಲಿತ ನಾಲ್ಕು ಮಾತು ಹೇಳಿಬಿಡ್ತೀನಿ. ಬಿಚ್ಚುವ ಮೊದಲು ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನುಯಲ್ ಅಥವಾ ವಿಡಿಯೊ ನೋಡಿ. ಎಲ್ಲಾ ಆಲ್-ಇನ್-ಒನ್ ಬೆನ್ನಿನಿಂದ ತೆರೆಯುವುದಿಲ್ಲ. 2012ರ ಕೊನೆಯಿಂದ ಬಂದ ತೆಳು ಐಮ್ಯಾಕ್‌ಗಳಲ್ಲಿ ಪರದೆಯನ್ನೇ ಅಂಟಿನಿಂದ ಕೂರಿಸಿರುತ್ತಾರೆ, ಅಂಥದ್ದಕ್ಕೆ ಕೈ ಪಳಗಿದವರು ಬೇಕು. ಡಿಸ್ಕು ಎರಡೂವರೆ ಇಂಚಿನದೋ ಮೂರೂವರೆಯದೋ ನೋಡಿಕೊಳ್ಳಿ, ದೊಡ್ಡ ಜಾಗಕ್ಕೆ ಚಿಕ್ಕದು ಕೂರಿಸಲು ಬ್ರ್ಯಾಕೆಟ್ ಸಿಗುತ್ತದೆ. ಟಕ್ ಟಕ್ ಸದ್ದಿದ್ದರೆ ಬೇರೇನೂ ಮಾಡದೆ ಮೊದಲು ಬೇಕಾದ ಫೈಲುಗಳನ್ನು ಹೊರಗೆ ತೆಗೆದುಕೊಳ್ಳಿ. ಮತ್ತೆ, ಎಸ್‌ಎಸ್‌ಡಿ ಹಾಕಿದರೆ ಎಲ್ಲಾ ಹೊಸದಾಗುವುದಿಲ್ಲ. ನಮ್ಮ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಸದ್ಯಕ್ಕೆ ವಿಂಡೋಸ್ 10ರ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ ಸೇರಿಸಿದ್ದೀನಿ, ಅದು 2026ರ ಅಕ್ಟೋಬರಿನವರೆಗೆ. ಅಷ್ಟರೊಳಗೆ ಅಪ್ಪನ ಫೈಲುಗಳನ್ನೆಲ್ಲ ಯೂನಿಕೋಡಿಗೆ ಬದಲಿಸಿ ಲಿನಕ್ಸಿಗೆ ಒಯ್ಯುವ ವಿಚಾರ ಇದೆ. ಬ್ಯಾಂಕಿನ ವ್ಯವಹಾರ ಅದರಲ್ಲಿ ಮಾಡಬೇಡಿ ಅಂತಲೂ ಹೇಳಿ ಬಂದಿದ್ದೀನಿ.

ರಜೆ ಮುಗಿಸಿ ಬೆಂಗಳೂರಿಗೆ ಬಂದ ವಾರ ಆಫೀಸಿನಲ್ಲಿ ಒಂದು ದೂರು ನನ್ನ ಪಾಲಿಗೆ ಬಂತು. ಕೆಲವರ ಆರ್ಡರ್ ಎರಡೆರಡು ಸಲ ದಾಖಲಾಗುತ್ತಿತ್ತು. ಹಿಂದೆ ನೋಡಿದವರು ಕಾರಣದ ಜಾಗದಲ್ಲಿ ‘ಬಳಕೆದಾರರು ಬಟನ್ ಎರಡು ಸಲ ಒತ್ತಿದ್ದಾರೆ’ ಅಂತ ಬರೆದು ಮುಚ್ಚಿದ್ದರು. ಹಾಗೆ ಮುಚ್ಚಿದವನ ಹೆಸರು ನೋಡಿದೆ. ನಾನೇ.

ದೂರನ್ನು ಮತ್ತೆ ತೆರೆದೆ. ಬಟನ್ ಒತ್ತಿದ ಮೇಲೆ ನಮ್ಮ ಪುಟ ನಾಲ್ಕು ಸೆಕೆಂಡ್ ಏನೂ ಹೇಳದೆ ಸುಮ್ಮನಿರುತ್ತಿತ್ತು. ಕಾರಣದ ಸಾಲು ಅಳಿಸಿ, ‘ನಾವು ಉತ್ತರ ಕೊಡಲು ತಡ ಮಾಡಿದ್ದೇವೆ’ ಅಂತ ಬರೆದೆ. ಸರಿ ಮಾಡಲು ಎರಡು ದಿನ ಹಿಡಿಯಿತು.

ಮೊನ್ನೆ ಅವ್ವ ಫೋನ್ ಮಾಡಿದ್ದಳು. “ನಿಮ್ಮಪ್ಪ ಗುಂಡಿ ಒತ್ತಿ ಚಹಾ ಕುಡಿಯಾಕ ಒಳಗ ಬರ್ತಿದ್ರು. ಈಗ ಅಷ್ಟರಾಗ ಚಾಲೂ ಆಗಿಬಿಡತೈತಿ. ಚಹಾನೂ ಅಲ್ಲೇ ಒಯ್ದು ಕೊಡಬೇಕು ನಾ” ಅಂತ ದೂರಿದಳು.

ಹಿಂದಿನಿಂದ ಕೀಬೋರ್ಡಿನ ಸದ್ದು ಕೇಳುತ್ತಿತ್ತು. ಕೆಂಪು ಗುರುತು ಎಷ್ಟನೇ ಪುಟಕ್ಕೆ ಬಂತು ಅಂತ ಕೇಳಿದೆ. “ಇನ್ನ ಒಂಬತ್ತ ಪುಟಾ ಉಳದಾವಂತ” ಅಂದಳು.